ಇಸ್ಪೀಟೆಲೆಯ ಹಸ್ತಲಾಘವವೂ ಅದರ ತಾರತಮ್ಯವೂ

ವಾತ್ಸ್ಯಾಯನನು ಎಣಿಸಿರುವ ಅರುವತ್ತನಾಲ್ಕು ಕಲೆಗಳಲ್ಲಿ ಐಂದ್ರಜಾಲವೂ ಹಸ್ತಲಾಘವವೂ ಬೇರೆಬೇರೆಯಾಗಿ ಪಠಿತವಾಗಿವೆ. ಎರಡೂ ಒಂದೇ ಆಗಿದ್ದ ಪಕ್ಷದಲ್ಲಿ ಎರಡು ಹೆಸರುಗಳಿಗೆ ಅವಕಾಶವಿರಲಿಲ್ಲ. ದೊಡ್ಡ ಸಭೆಯ ಮುಂದೆ ಉಪಕರಣಗಳ ಸಹಾಯದಿಂದ ನಡೆಯತಕ್ಕುದು ಒಂದು. ಬರಿಯ ಕೈಗಳಿಂದ, ನೋಡುವವನ ಮೂಗಿನ ಕೆಳಗೆ ನಡೆಯತಕ್ಕುದು ಇನ್ನೊಂದು ಎಂದು ಗ್ರಹಿಸಿದರೆ ತಪ್ಪಾಗಲಾರದು. ಅಮರಸಿಂಹನು ಮಾಯಾಕಾರ, ಪ್ರಾತಿಹಾರಿಕ ಎಂಬ ಪರ್ಯಾಯಪದಗಳನ್ನು ಶೂದ್ರವರ್ಗದಲ್ಲಿ, ನಾನಾ ಕಸಬುದಾರರ ನಡುವೆ ಇರಿಸಿದ್ದಾನೆ. ಇದನ್ನು ಮಂತ್ರವೆಂದು ಭಾವಿಸದೆ ಕೈಕಸಬೆಂದು ಭಾವಿಸಿದ ಆತನ ವಿವೇಕವು ಮೆಚ್ಚತಕ್ಕದ್ದು.

ಲಾಘವವೆಂಬ ಮಾತಿಗೆ ಜನರು ಸಾಮಾನ್ಯವಾಗಿ ವೇಗವೆಂದೇ ಅರ್ಥಮಾಡುವರು. ಕೈಯು ಕಣ್ಣಿಗಿಂತ ಚುರುಕು ಎಂಬ ನಂಬಿಕೆಯು ಪೂರ್ವದಲ್ಲಿರುವಂತೆಯೇ ಪಶ್ಚಿಮದಲ್ಲಿಯೂ ಉಂಟು. ಆದರೆ ವೈಯಾಕರಣರ ಶಾಲೆಯಲ್ಲಿ ಲಾಘವಕ್ಕೆ ಬೇರೊಂದು ಅರ್ಥವಿದೆ. ಅರ್ಧಮಾತ್ರೆಯಷ್ಟು ಉಳಿತಾಯವಾದರೂ ಪುತ್ರೋತ್ಸವದಂತೆ ಸಂತೋಷಪಡುವ ಆ ಜನರಿಗೆ ಲಾಘವವೆಂದರೆ ಮಿತವ್ಯಯ, ಬೇಡದ್ದನ್ನು ಮಾಡದಿರುವುದು. ಇಸ್ಪೀಟೆಲೆಗಳ ಹಸ್ತಲಾಘವವನ್ನು ಅಳೆಯುವುದಕ್ಕೆ ಈ ಎರಡರ್ಥಗಳಲ್ಲಿ ಯಾವುದು ಸಲ್ಲತಕ್ಕದ್ದೆಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ. ಪಾಶ್ಚಾತ್ಯ ದೇಶಗಳಲ್ಲಿ ಈ ವಿದ್ಯೆಗೆ ಗ್ರಂಥಗಳಿವೆ, ಸಂಘಗಳಿವೆ, ಗುರುಪರಂಪರೆಯಿದೆ. ಆದರೂ ಯಾವ ಪ್ರಯೋಗವು ಉತ್ತಮ, ಯಾವುದು ಅಧಮ ಎಂದು ನಿರ್ಣಯಿಸುವಲ್ಲಿ ಅಲ್ಲಿಯ ಪ್ರಯೋಕ್ತೃಗಳಿಗೂ ಒಂದು ತೊಡಕು ತಪ್ಪಿಲ್ಲ. ಚಿತ್ರವನ್ನಾಗಲಿ ಗಾಯನವನ್ನಾಗಲಿ ಪರೀಕ್ಷಿಸುವವನ ಎದುರಿಗೆ ಕಲಾವಿದನ ಶ್ರಮವೆಲ್ಲವೂ ತೆರೆದಿರುತ್ತದೆ. ಹಸ್ತಲಾಘವದಲ್ಲಿಯಾದರೋ ಶ್ರಮವು ಕಣ್ಣಿಗೆ ಬಿತ್ತೆಂದರೆ ಪ್ರಯೋಗವೇ ಕೆಟ್ಟಿತು.

ಎಲೆಯಾಟಗಳು ನಮ್ಮ ದೇಶಕ್ಕೆ ಹೊಸವಲ್ಲ. ಬಾಬರನ ಆತ್ಮಚರಿತ್ರೆಯಲ್ಲಿ 1527ರಲ್ಲಿ ಗಂಜೀಫಾ ಎಲೆಗಳನ್ನು ಕಳುಹಿಸಿದ ಪ್ರಸ್ತಾಪವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವು ಇಂತಹ ಆಟಗಳಿಗೆ ಮೀಸಲಾಗಿದೆ. ಆದರೆ ಪ್ರಕೃತ ವಿಚಾರಕ್ಕೆ ಬೇಕಾದದ್ದು ಐರೋಪ್ಯರ ಐವತ್ತೆರಡೆಲೆಗಳ ಕಟ್ಟು. ಅದರ ಸುತ್ತ ಬೆಳೆದ ವಿದ್ಯೆಯ ತಾರತಮ್ಯವನ್ನು ತಿಳಿಯಲು ಒಂದು ರಾತ್ರಿಯ ವೃತ್ತಾಂತವು ಎಲ್ಲಕ್ಕಿಂತ ಹೆಚ್ಚು ಸಹಾಯಕವಾಗಿದೆ.

1922ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ, ಗ್ರೇಟ್ ನಾರ್ದರ್ನ್ ಎಂಬ ಹೋಟೆಲಿನಲ್ಲಿ, ಐಂದ್ರಜಾಲಿಕರ ಸಂಘದವರು ತಮ್ಮ ಅಧ್ಯಕ್ಷನ ಗೌರವಾರ್ಥವಾಗಿ ಔತಣವನ್ನೇರ್ಪಡಿಸಿದ್ದರು. ಆ ಅಧ್ಯಕ್ಷನೇ ಹ್ಯಾರಿ ಹೂಡಿನಿ. 1874ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕವನ್ನು ಸೇರಿ, ಕೈಕೋಳಗಳಿಂದಲೂ ಸೆರೆಮನೆಗಳಿಂದಲೂ ನೀರು ತುಂಬಿದ ಪೆಟ್ಟಿಗೆಗಳಿಂದಲೂ ಬಿಡಿಸಿಕೊಂಡು ಬರುವುದರಲ್ಲಿ ಜಗತ್ಪ್ರಸಿದ್ಧನಾಗಿದ್ದವನು. ಅವನು ಪ್ರಾರಂಭದಲ್ಲಿ ತನ್ನನ್ನು ಇಸ್ಪೀಟೆಲೆಗಳ ರಾಜನೆಂದು ಪ್ರಕಟಣಪತ್ರಗಳಲ್ಲಿ ಅಚ್ಚುಹಾಕಿಸಿಕೊಂಡಿದ್ದನೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಯಾವ ಪ್ರಯೋಗವನ್ನಾದರೂ ಎಡೆಬಿಡದೆ ಮೂರು ಸಲ ತನ್ನೆದುರಿಗೆ ಮಾಡಿ ತೋರಿಸಿದರೆ ಅದರ ಗುಟ್ಟನ್ನು ತಾನು ಹೇಳಬಲ್ಲೆನೆಂಬುದು ಅವನ ಪಂಥ.

ಔತಣಕ್ಕೆ ಬಂದವರಲ್ಲಿ ಡೈ ವರ್ನನ್ ಎಂಬ ಇಪ್ಪತ್ತೇಳು ವಯಸ್ಸಿನ ಯುವಕನೊಬ್ಬನಿದ್ದನು. ಕೆನಡಾ ದೇಶದ ಒಟ್ಟಾವಾ ನಗರದವನು, 1894ರಲ್ಲಿ ಹುಟ್ಟಿದವನು, ಕರಿಯ ಕಾಗದದಲ್ಲಿ ಜನರ ಮುಖದ ನೆರಳುಚಿತ್ರಗಳನ್ನು ಕತ್ತರಿಯಿಂದ ಕತ್ತರಿಸಿಕೊಟ್ಟು ಹೊಟ್ಟೆಹೊರೆಯುತ್ತಿದ್ದವನು. ಅವನು ಹೂಡಿನಿಯಿಂದ ಒಂದೆಲೆಯನ್ನು ಆರಿಸಿ, ಅದರ ಮುಖದ ಮೇಲೆ ಹೆಸರಿನ ಆದ್ಯಕ್ಷರಗಳನ್ನು ಬರೆಯಿಸಿದನು. ಎಲೆಯನ್ನು ಕಟ್ಟಿನ ಮೇಲಿನಿಂದ ಎರಡನೆಯದಾಗಿ, ಎಲ್ಲರೂ ಕಾಣುವಂತೆ, ಸಾವಕಾಶವಾಗಿ ಇಟ್ಟನು. ಅನಂತರ ಮೇಲಿನ ಎಲೆಯನ್ನು ತಿರುಗಿಸಿದರೆ ಅದು ಹೂಡಿನಿಯ ಅಕ್ಷರಗಳಿದ್ದ ಎಲೆಯೇ! ಎರಡನೆಯ ಸಲ ಮಾಡಿದನು, ಹಾಗೆಯೇ ಆಯಿತು. ಮೂರನೆಯ ಸಲವೂ ಹಾಗೆಯೇ. ಅಂತಹುದೇ ಇನ್ನೊಂದೆಲೆಯನ್ನು ಬಚ್ಚಿಟ್ಟಿರುವನೆಂದು ಹೂಡಿನಿಯು ಸಂಶಯಪಟ್ಟನಂತೆ. ಅವನ ಸ್ವಹಸ್ತದ ಅಕ್ಷರಗಳೇ ಆ ಸಂಶಯವನ್ನು ಮುಚ್ಚಿಹಾಕಿದುವು. ಮೂರಕ್ಕೆ ನಿಲ್ಲದೆ ಮತ್ತೆ ಮತ್ತೆ ಮಾಡಿಸಿ ನೋಡಿದನು. ಒಟ್ಟು ಎಷ್ಟು ಸಲವೆಂಬುದರಲ್ಲಿ ಹೇಳಿಕೆಗಳು ಭಿನ್ನವಾಗಿವೆ. ಗುಟ್ಟು ಮಾತ್ರ ಅವನಿಗೆ ಸಿಕ್ಕಲಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೂಡಿನಿಯನ್ನು ಮೋಸಗೊಳಿಸಿದವನೆಂಬ ಬಿರುದು ಅಂದಿನಿಂದ ವರ್ನನನಿಗೆ ಅಂಟಿಕೊಂಡಿತು.

ಈ ಪ್ರಯೋಗಕ್ಕೆ ಮಹತ್ತ್ವಾಕಾಂಕ್ಷೆಯ ಎಲೆ ಎಂದು ಹೆಸರು. ಎಲ್ಲಿ ಇಟ್ಟರೂ ಮೇಲಕ್ಕೇ ಬರಬೇಕೆಂಬ ಹಟ ಹಿಡಿದ ಎಲೆಯೆಂದು ಭಾವ. ಇದು ವರ್ನನನ ಸೃಷ್ಟಿಯಲ್ಲ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಿಂದ ಬಂದ ಕಥಾವಸ್ತು. ಗುಟ್ಟು ಅಚ್ಚಾದ ಪುಸ್ತಕಗಳಲ್ಲಿ ದೊರೆಯುತ್ತದೆಯಾದರೂ ಅದನ್ನಿಲ್ಲಿ ಬಿಡಿಸಿಡುವುದು ವಿಹಿತವಲ್ಲ. ಕಣ್ಣಿಗೆ ಕಾಣುವ ಸಂಖ್ಯೆಯೇ ನಿಜವಾದ ಸಂಖ್ಯೆಯೆಂದು ನಂಬಿದವನು ದಾರಿತಪ್ಪುವನೆಂದಷ್ಟು ಹೇಳಿದರೆ ಸಾಕು.

ಈಗ ಪ್ರಯೋಕ್ತೃವಿನ ದೃಷ್ಟಿಯಿಂದ ಇದನ್ನು ತೂಗಿ ನೋಡೋಣ. ಮೊದಲನೆಯದಾಗಿ, ನಡೆದದ್ದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ನಡುವೆ ಇಟ್ಟ ಎಲೆ ಮೇಲಕ್ಕೆ ಬಂದಿತು. ಮನೆಗೆ ಹೋದ ಪ್ರೇಕ್ಷಕನು ತನ್ನ ಹೆಂಡತಿಗೆ ಇದನ್ನು ತಪ್ಪಿಲ್ಲದೆ ವರ್ಣಿಸಬಲ್ಲನು. ಇದು ಸಣ್ಣ ಗುಣವಲ್ಲ. ಇಪ್ಪತ್ತೊಂದೆಲೆಗಳನ್ನು ಮೂರು ಸಾಲುಗಳಾಗಿ ಹಂಚಿ, ಕೂಡಿಸಿ, ಮತ್ತೆ ಹಂಚಿ, ಕೊನೆಗೆ ಮನಸ್ಸಿನಲ್ಲಿ ನೆನೆದ ಎಲೆಯನ್ನು ತೆಗೆದುಕೊಡುವ ಆಟವನ್ನು ನಮ್ಮ ಮಕ್ಕಳೂ ಬಲ್ಲರು; ಅದರಲ್ಲಿ ಲೆಕ್ಕವು ಸರಿಯಾಗಿರುವುದು, ಬೆರಗು ಮಾತ್ರ ಹುಟ್ಟುವುದಿಲ್ಲ. ನೋಡುವವನು ಎಣಿಕೆಯಲ್ಲಿ ದಣಿದು, ಏನೋ ಗಣಿತವಿರಬೇಕೆಂದು ತಲೆದೂಗಿ ಸುಮ್ಮನಾಗುತ್ತಾನೆ. ಅದ್ಭುತರಸಕ್ಕೆ ವಿಸ್ಮಯವು ಸ್ಥಾಯಿಯೆಂದು ಆಲಂಕಾರಿಕರು ಹೇಳುವರು. ವಿಸ್ಮಯಕ್ಕೆ ಮೊದಲು ಏನಾಗಬೇಕಿತ್ತೆಂಬುದು ಸ್ಪಷ್ಟವಾಗಿ ತಿಳಿದಿರಬೇಕು. ಎಲೆಯು ಎರಡನೆಯ ಸ್ಥಾನದಲ್ಲಿರಬೇಕೆಂಬ ನಿಶ್ಚಯವು ದೃಢವಾಗದಿದ್ದರೆ ಅದು ಮೇಲೆ ಬಂದುದರಲ್ಲಿ ಆಶ್ಚರ್ಯವೇನು?

ಎರಡನೆಯದಾಗಿ, ಪೂರ್ವಸಿದ್ಧತೆ ಬೇಕಿಲ್ಲ. ಆತಿಥೇಯನ ಮನೆಯ ಹಳೆಯ ಕಟ್ಟಿನಿಂದಲೂ ಆಗುತ್ತದೆ. ಮೇಜು ಬೇಕಿಲ್ಲ, ದೀಪದ ಏರ್ಪಾಡು ಬೇಕಿಲ್ಲ, ಸಹಾಯಕನು ಬೇಕಿಲ್ಲ. ಆಡುವವನ ನಾಲಗೆಗೂ ಹೆಚ್ಚು ಕೆಲಸವಿಲ್ಲ.

ಮೂರನೆಯ ಗುಣವು ಎಲ್ಲಕ್ಕಿಂತ ವಿಚಿತ್ರವಾದದ್ದು. ಒಂದು ಪ್ರಯೋಗವನ್ನು ಒಂದೇ ಸಂಜೆಯಲ್ಲಿ ಎರಡು ಸಲ ಮಾಡಕೂಡದೆಂಬುದು ಈ ವಿದ್ಯೆಯ ಹಳೆಯ ನಿಯಮ. ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಿಂದ ಒಬ್ಬ ಆಂಗ್ಲ ವಕೀಲನು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಆರಂಭದ ಉಪದೇಶಗಳಲ್ಲಿಯೇ ಸೇರಿದೆ. ಮೊದಲ ಸಲ ನೋಡುವವನಿಗೆ ಏನು ಬರುವುದೆಂದು ತಿಳಿಯದು. ಎರಡನೆಯ ಸಲ ತಿಳಿದಿರುತ್ತದೆ, ಆದ್ದರಿಂದ ಕಣ್ಣು ಸರಿಯಾದ ಸ್ಥಳಕ್ಕೆ ಹೋಗುತ್ತದೆ. ಹೂಡಿನಿಯ ಪಂಥವು ಈ ನಿಯಮದ ಮೇಲೆಯೇ ನಿಂತಿತ್ತು. ಮಹತ್ತ್ವಾಕಾಂಕ್ಷೆಯ ಎಲೆಗಾದರೋ ಪುನರುಕ್ತಿಯೇ ಶರೀರ. ಒಂದು ಸಲ ಮಾಡಿ ನಿಲ್ಲಿಸಿದರೆ ಅದು ಆಕಸ್ಮಿಕದಂತೆ ಕಾಣುತ್ತದೆ. ಎರಡನೆಯ ಸಲ ಸಂಶಯ ಹುಟ್ಟುತ್ತದೆ, ಮೂರನೆಯ ಸಲ ಪ್ರೇಕ್ಷಕನು ತನ್ನ ಸಂಶಯವನ್ನೇ ಸಂಶಯಿಸತೊಡಗುತ್ತಾನೆ. ಪ್ರತಿಸಲವೂ ಹೊರಗೆ ಕಾಣುವುದು ಒಂದೇ. ಒಳಗಿನ ದಾರಿ ಮಾತ್ರ ಒಂದೇ ಆಗಿರಬೇಕಾದ ನಿಯಮವಿಲ್ಲ. ನೋಡುವವನು ಒಂದು ದಾರಿಯನ್ನು ಊಹಿಸಿ ಕಾದು ಕುಳಿತಿರುವಾಗ ಎಲೆಯು ಇನ್ನೊಂದು ದಾರಿಯಿಂದ ಬಂದಿರುತ್ತದೆ.

ದೋಷಗಳೂ ಇವೆ. ಮುಖ್ಯವಾದದ್ದು, ಇದಕ್ಕೆ ಸಹಜವಾದ ಮುಕ್ತಾಯವಿಲ್ಲದಿರುವುದು. ನಾಟಕಕ್ಕೆ ನಿರ್ವಹಣಸಂಧಿಯಿಲ್ಲದಂತೆ! ಎಲೆಯು ಐದು ಸಲ ಮೇಲೆ ಬಂದಿತು. ಆರನೆಯ ಸಲ ಏಕೆ ಬೇಕು, ಏಳನೆಯದು ಏಕೆ ಬೇಡ ಎಂಬುದಕ್ಕೆ ಪ್ರಯೋಗದೊಳಗೆ ಉತ್ತರವಿಲ್ಲ. ಆದಕಾರಣವೇ ಅನಂತರದ ಪ್ರಯೋಕ್ತೃಗಳು ಇದಕ್ಕೆ ನಾನಾ ಬಾಲಗಳನ್ನು ಅಂಟಿಸಿದ್ದಾರೆ: ಕಟ್ಟನ್ನು ಹಗ್ಗದಿಂದ ಬಿಗಿಯುವರು, ಎಲೆಯನ್ನು ಬಗ್ಗಿಸಿ ಇಡುವರು, ಕೊನೆಗೆ ಅದನ್ನು ಬೇರೆಲ್ಲಿಂದಲೋ ತೆಗೆಯುವರು. ಇವುಗಳಲ್ಲಿ ಕೆಲವು ಚೆನ್ನಾಗಿವೆ. ಬಹುಮಟ್ಟಿಗೆ ಮೂಲದ ಸರಳತೆಯನ್ನು ಕೆಡಿಸುವುವು. ಔತಣದ ರಾತ್ರಿ ವರ್ನನನಿಗೆ ಈ ದೋಷವು ಬಾಧಿಸದೆ ಹೋದುದಕ್ಕೆ ಕಾರಣವು ಹೂಡಿನಿಯೇ. ಮತ್ತೊಂದು ಸಲ, ಮತ್ತೊಂದು ಸಲ ಎಂದು ಕೇಳುತ್ತ ಹೋದ ಅವನ ಹಟದಿಂದಲೇ ಎಲೆಯ ಹಟಕ್ಕೆ ಒಂದು ಕಥೆಯ ಏರಿಕೆ ದೊರಕಿತು. ಅವನು ಸೋತು ಸುಮ್ಮನಾದುದೇ ಮುಕ್ತಾಯವಾಯಿತು. ಬೇರೊಬ್ಬ ಪ್ರೇಕ್ಷಕನ ಮುಂದೆ ಅದೇ ಪ್ರಯೋಗವು ಅರ್ಧದಷ್ಟೂ ಶೋಭಿಸದಿರಬಹುದು. ಪ್ರಯೋಗವನ್ನು ಪುಸ್ತಕದಲ್ಲಿ ಓದಿ ಬೆಲೆಕಟ್ಟುವವರು ಈ ಅಂಶವನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಅಷ್ಟು ಬಲ್ಲ ಹೂಡಿನಿಯು ಹೇಗೆ ಸೋತನು? ಬಲ್ಲವನಾದುದರಿಂದಲೇ ಎಂದು ತೋರುತ್ತದೆ. ಏನೂ ಅರಿಯದವನು ಎಲ್ಲ ಕಡೆಗೂ ನೋಡುತ್ತಾನೆ. ಅರಿತವನು ತಾನು ಅರಿತ ಕಡೆಗೇ ನೋಡುತ್ತಾನೆ. ಎಲೆಯನ್ನು ಕದಲಿಸುವ ಕೈಯನ್ನು ಹೂಡಿನಿಯು ಹುಡುಕುತ್ತಿದ್ದನು. ಅವನು ಹುಡುಕುತ್ತಿದ್ದ ಕ್ಷಣದಲ್ಲಿ ಕದಲಿಕೆಯೇ ಇರಲಿಲ್ಲ. ಶಂಕರಾಚಾರ್ಯರು ಸೂತ್ರಭಾಷ್ಯದಲ್ಲಿ ಕೊಡುವ ದೃಷ್ಟಾಂತವೊಂದು ಇಲ್ಲಿ ಅಕ್ಷರಶಃ ಒಪ್ಪುತ್ತದೆ: ಖಡ್ಗವನ್ನೂ ಗುರಾಣಿಯನ್ನೂ ಹಿಡಿದು ಹಗ್ಗದ ಮೂಲಕ ಆಕಾಶಕ್ಕೇರುವ ಮಾಯಾವಿಯು ಬೇರೆ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿಯು ಬೇರೆ. ಆಚಾರ್ಯರ ಪ್ರಯೋಜನವು ಬೇರೆಯಾದರೂ, ಹಗ್ಗದ ಕಡೆಗೇ ಕಣ್ಣಿಟ್ಟವನಿಗೆ ನೆಲದ ಮೇಲಿದ್ದವನು ಕಾಣಲಾರನೆಂಬುದು ಲೋಕಾನುಭವಕ್ಕೂ ಸರಿಯಾದದ್ದು.

ಕೈಚಳಕವನ್ನು ಕೈಚಳಕವೆಂದು ತಿಳಿಯುವುದು ಒಂದು ಕಾಲದಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. 1584ರಲ್ಲಿ ರೆಜಿನಾಲ್ಡ್ ಸ್ಕಾಟ್ ಎಂಬ ಆಂಗ್ಲ ಗೃಹಸ್ಥನು ಮಾಟಗಾತಿಯರ ವಿಚಾರವಾಗಿ ಒಂದು ದೊಡ್ಡ ಗ್ರಂಥವನ್ನು ಬರೆದನು. ಮಾಟದ ಆಪಾದನೆಯಿಂದ ಬಡ ಮುದುಕಿಯರನ್ನು ಗಲ್ಲಿಗೇರಿಸುತ್ತಿದ್ದ ದಿನಗಳವು. ಭೂತಪಿಶಾಚಗಳ ಸಹಾಯವಿಲ್ಲದೆ ಬರಿಯ ಅಭ್ಯಾಸಬಲದಿಂದ ಎಂತೆಂತಹ ಆಶ್ಚರ್ಯಗಳನ್ನು ಮಾಡಬಹುದೆಂದು ತೋರಿಸುವ ಸಲುವಾಗಿ ಅವನು, ಲಂಡನಿನಲ್ಲಿದ್ದ ಒಬ್ಬ ಫ್ರೆಂಚ್ ಕೈಚಳಕಗಾರನ ನೆರವಿನಿಂದ, ಚೆಂಡು ನಾಣ್ಯ ಎಲೆಗಳ ಆಟಗಳನ್ನು ಬಿಡಿಸಿ ಬರೆದನು. ನಾಲ್ಕು ಎಕ್ಕಗಳನ್ನು ತೋರಿಸಿ ಅವನ್ನೇ ನಾಲ್ಕು ಗುಲಾಮರಾಗಿ ಮಾರ್ಪಡಿಸುವ ಪ್ರಯೋಗವು ಅದರಲ್ಲಿದೆ. ಇಂದಿನ ಕಣ್ಣಿಗೆ ಅದು ಒರಟಾಗಿ ಕಂಡರೂ ಒಂದು ವಾಕ್ಯದಲ್ಲಿ ಹೇಳಬಹುದಾದ ಗುಣವು ಅದಕ್ಕೂ ಉಂಟು. ವಿನೋದಕ್ಕಾಗಿ ಮಾಡಿ, ಕೈಚಳಕವೆಂದು ಒಪ್ಪಿಕೊಳ್ಳುವವನಲ್ಲಿ ದೋಷವಿಲ್ಲ. ದೈವಶಕ್ತಿಯೆಂದು ಹೇಳಿಕೊಂಡು ಜನರನ್ನು ಸುಲಿಯುವವನೇ ದೋಷಿ ಎಂಬುದು ಸ್ಕಾಟನ ಮತ. ಗುಟ್ಟನ್ನು ಹೊರಗೆಡಹಿದ ಗ್ರಂಥಗಳ ಮೇಲೆ ಪ್ರಯೋಕ್ತೃಗಳಿಗೆ ಸಹಜವಾಗಿಯೇ ಅಸಮಾಧಾನವಿರುತ್ತದೆ. ಈ ಒಂದು ಗ್ರಂಥದ ಮೇಲೆ ಇರಕೂಡದು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವಿದ್ಯೆಯು ಸಂತೆಬೀದಿಯನ್ನು ಬಿಟ್ಟು ಶ್ರೀಮಂತರ ಹಜಾರಗಳಿಗೆ ಬಂದಿತು. ಫ್ರಾನ್ಸಿನ ರಾಬರ್ ಹೂಡನನು (1805–1871) ಐಂದ್ರಜಾಲಿಕನೆಂದರೆ ಮಾಂತ್ರಿಕನ ಪಾತ್ರವನ್ನು ವಹಿಸಿದ ನಟನೆಂದು ಸಾರಿದನು. ಹೂಡಿನಿಯು ತನ್ನ ಹೆಸರನ್ನು ಇವನಿಂದಲೇ ತೆಗೆದುಕೊಂಡು, 1908ರಲ್ಲಿ ಇವನ ಕೀರ್ತಿಯನ್ನೇ ಅಳಿಸಲೆಳಸುವ ಪುಸ್ತಕವೊಂದನ್ನು ಬರೆದನೆಂಬುದು ಅಷ್ಟೇನೂ ಶೋಭೆಯ ಸಂಗತಿಯಲ್ಲ. ವಿಯೆನ್ನಾ ನಗರದ ಹೋಫ್‌ಜಿನ್ಸರನು (1806–1875) ಹಣಕಾಸಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದುಕೊಂಡು, ಸಂಜೆಯ ಹೊತ್ತು ಆಹ್ವಾನಿತರ ಮುಂದೆ ಎಲೆಗಳ ಪ್ರಯೋಗಗಳನ್ನು ಕಾವ್ಯದಂತೆ ನಿರೂಪಿಸುತ್ತಿದ್ದನು. ಅವನ ಪ್ರಯೋಗಗಳಲ್ಲಿ ಉಳಿದುಬಂದವನ್ನು ಆಟೊಕಾರ್ ಫಿಷರನು ಸಂಗ್ರಹಿಸಿ 1910ರಲ್ಲಿ, ಎಂದರೆ ಕರ್ತೃವು ತೀರಿಕೊಂಡು ಮೂವತ್ತೈದು ವರ್ಷಗಳಾದ ಮೇಲೆ, ಪ್ರಕಟಿಸಿದನು. ಹೀಗೆ ಹೋಫ್‌ಜಿನ್ಸರನ ಯುಕ್ತಿಗಳು ಉಳಿದುವು. ಅವನ ಕೈ ಹೇಗಿತ್ತೆಂಬುದು ನೋಡಿದವರೊಡನೆಯೇ ಹೋಯಿತು.

ವರ್ನನನ ಕೈಯನ್ನು ತಿದ್ದಿದ ಗುರುವಾದರೋ ಇವರಾರೂ ಅಲ್ಲ, ಒಂದು ಪುಸ್ತಕ. 1902ರಲ್ಲಿ ಚಿಕಾಗೋ ನಗರದಲ್ಲಿ ಎಸ್. ಡಬ್ಲ್ಯು. ಅರ್ಡ್‌ನೇಸ್ ಎಂಬ ಹೆಸರಿನಿಂದ, ಎಲೆಯ ಮೇಜಿನ ಬಳಿಯ ನಿಪುಣನನ್ನು ಕುರಿತ ಗ್ರಂಥವೊಂದು ಹೊರಟಿತು. ಹಣದ ಜೂಜಿನಲ್ಲಿ ಮೋಸಮಾಡುವ ಉಪಾಯಗಳು ಮೊದಲ ಭಾಗ. ಪ್ರದರ್ಶನಕ್ಕೆ ಬೇಕಾದ ಹಸ್ತಲಾಘವವೂ ಪ್ರಯೋಗಗಳೂ ಅನಂತರದ ಭಾಗಗಳು. ನೂರಕ್ಕೆ ಮೇಲ್ಪಟ್ಟ ಚಿತ್ರಗಳು. ಇಂತಹ ಗ್ರಂಥಗಳ ಕರ್ತೃಗಳು ಸಾಮಾನ್ಯವಾಗಿ ತಮ್ಮ ಪಾಪಕ್ಕೆ ಪಶ್ಚಾತ್ತಾಪವನ್ನೋ, ಯುವಕರನ್ನು ಎಚ್ಚರಿಸುವ ಪರೋಪಕಾರಬುದ್ಧಿಯನ್ನೋ ಮುಂದೆ ಮಾಡುವುದು ವಾಡಿಕೆ. ಈತನು ಅದಾವುದನ್ನೂ ಹೇಳದೆ, ತನಗೆ ಹಣ ಬೇಕಾಗಿದೆಯೆಂದು ಪೀಠಿಕೆಯಲ್ಲಿಯೇ ಒಪ್ಪಿಕೊಂಡುಬಿಡುತ್ತಾನೆ. ಮೋಸದ ಶಾಸ್ತ್ರಕ್ಕೆ ಇಷ್ಟು ಪ್ರಾಮಾಣಿಕವಾದ ಪೀಠಿಕೆಯು ಇನ್ನೆಲ್ಲಿಯೂ ದೊರೆಯಲಾರದು.

ಗ್ರಂಥದ ಶೈಲಿಯು ಶಾಸ್ತ್ರಕಾರನದು. ಪ್ರತಿಯೊಂದು ಬೆರಳಿನ ಸ್ಥಾನವೂ ನಿರ್ದಿಷ್ಟವಾಗಿದೆ. ಪಾರಿಭಾಷಿಕ ಶಬ್ದಗಳನ್ನು ಮೊದಲು ವಿವರಿಸಿ ಅನಂತರ ಉಪಯೋಗಿಸಿದ್ದಾನೆ. ಅದಕ್ಕಿಂತಲೂ ಮುಖ್ಯವಾದದ್ದು, ಏಕರೂಪತೆಯ ವಿಷಯದಲ್ಲಿ ಅವನ ನಿಷ್ಠುರತೆ. ಮೋಸವಿಲ್ಲದಿರುವಾಗ ಎಲೆಗಳನ್ನು ಹೇಗೆ ಹಿಡಿಯುವನೋ, ಕಲಸುವನೋ, ಹಂಚುವನೋ, ಮೋಸವಿರುವಾಗಲೂ ಹಾಗೆಯೇ ಮಾಡಬೇಕು; ಕೈಯ ಧೋರಣೆ ಎಳ್ಳಷ್ಟೂ ಬದಲಾಗಕೂಡದು. ವೇಗದಿಂದ ಮಾಡಿ ಬೆರಗುಗೊಳಿಸುವವನು ಜೂಜುಗಾರರ ನಡುವೆ ಒಂದು ಗಳಿಗೆಯೂ ಬಾಳಲಾರನು. ಏಕೆಂದರೆ ಅಲ್ಲಿ ಬೆರಗೆಂದರೇ ಸಂಶಯ. ಇಲ್ಲಿ ಲಾಘವಕ್ಕೆ ವೈಯಾಕರಣರ ಅರ್ಥವೇ ಸರಿಯೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ವರ್ನನನು ಹುಡುಗನಾಗಿದ್ದಾಗಲೇ ಈ ಪುಸ್ತಕವನ್ನು ಸಂಪಾದಿಸಿ, ವೇದಪಾಠಿಯು ಸಂಹಿತೆಯನ್ನು ಕಂಠಸ್ಥಮಾಡುವಂತೆ ಮಾಡಿದ್ದನು. ಗ್ರಂಥಕರ್ತನನ್ನು ಮಾತ್ರ ಅವನು ಎಂದೂ ಕಾಣಲಿಲ್ಲ. ಅರ್ಡ್‌ನೇಸ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ಇ. ಎಸ್. ಆಂಡ್ರೂಸ್ ಎಂದಾಗುತ್ತದೆ; ಅದೂ ನಿಜವಾದ ಹೆಸರೇ ಎಂಬುದಕ್ಕೆ ಆಧಾರ ಸಾಲದು. ಗಣಿತವಿನೋದಗಳ ಲೇಖಕನೆಂದು ಪ್ರಸಿದ್ಧನಾದ ಮಾರ್ಟಿನ್ ಗಾರ್ಡ್ನರನು 1946ರಲ್ಲಿ ಆ ಪುಸ್ತಕದ ಚಿತ್ರಕಾರನಾದ ಸ್ಮಿತ್ ಎಂಬುವನನ್ನು ಪತ್ತೆಹಚ್ಚಿದನು. ಚಳಿಗಾಲದಲ್ಲಿ ಚಿಕಾಗೋ ನಗರದ ಅಗ್ಗದ ಹೋಟೆಲಿನ ಕೊಠಡಿಯೊಂದರಲ್ಲಿ ಗ್ರಂಥಕರ್ತನು ಎಲೆಗಳನ್ನು ಹಿಡಿದು ತೋರಿಸಿದುದನ್ನೂ, ಅವನು ಗಿಡ್ಡನೆಯ ಮೃದುಭಾಷಿಯೆಂಬುದನ್ನೂ, ಅವನ ಕೈಗಳು ಬಹು ಮೃದುವಾಗಿದ್ದುವೆಂಬುದನ್ನೂ ಚಿತ್ರಕಾರನು ಜ್ಞಾಪಿಸಿಕೊಂಡನು.

ಶ್ರಮವು ಕಾಣದಿರುವುದೇ ಗುಣವೆಂಬ ನಿಯಮವನ್ನು ಕೊನೆಯವರೆಗೆ ಒಯ್ದರೆ ಏನಾಗುವುದೆಂಬುದಕ್ಕೆ ವರ್ನನನ ಜೀವನದ ಇನ್ನೊಂದು ಪ್ರಸಂಗವಿದೆ. ಜೂಜುಗಾರನು ತನಗೆ ಬೇಕಾದ ಎಲೆಗಳನ್ನು ಕಟ್ಟಿನ ತಳದಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಹಂಚುವುದು ಹಳೆಯ ಉಪಾಯ. ಅದಕ್ಕೆ ಪ್ರತೀಕಾರವಾಗಿ, ಕಲಸಿದ ಕಟ್ಟನ್ನು ಎದುರಾಳಿಯು ಎರಡು ಪಾಲಾಗಿ ಕತ್ತರಿಸಿ ಮೇಲುಕೆಳಗು ಮಾಡುವ ಪದ್ಧತಿಯಿದೆ. ಕತ್ತರಿಸಿದೊಡನೆ ತಳದ ಎಲೆಗಳು ನಡುವಿಗೆ ಹೋಗಿಬಿಡುತ್ತವೆ. ಕಟ್ಟಿನ ನಡುವಿನಿಂದಲೇ, ಮೇಲಿನಿಂದ ತೆಗೆದಂತೆ ತೋರಿಸುತ್ತ ಹಂಚಬಲ್ಲವನಿದ್ದರೆ ಅವನಿಗೆ ಎದುರಿಲ್ಲ. ಆದರೆ ಅದು ಅಸಾಧ್ಯವೆಂದೇ ಬಲ್ಲವರೆಲ್ಲರ ಅಭಿಪ್ರಾಯವಾಗಿತ್ತು. 1932ರಲ್ಲಿ ಕ್ಯಾನ್ಸಾಸ್ ಸಂಸ್ಥಾನದ ವಿಚಿಟಾ ಊರಿನ ಸೆರೆಮನೆಯಲ್ಲಿ ಒಬ್ಬ ಜೂಜುಗಾರ ಕೈದಿಯು, ಅಂತಹವನೊಬ್ಬನನ್ನು ತಾನು ಕಂಡಿರುವೆನೆಂದು ವರ್ನನನಿಗೆ ಹೇಳಿದನು. ದೇಶವೆಲ್ಲ ಹಣದ ಮುಗ್ಗಟ್ಟಿನಲ್ಲಿದ್ದ ವರ್ಷವದು. ವರ್ನನನಿಗೂ ನೆರಳುಚಿತ್ರಗಳಿಂದ ಬರುವ ಕಾಸಿನ ಹೊರತು ಆದಾಯವಿರಲಿಲ್ಲ. ಆದರೂ ಹುಡುಕಿಕೊಂಡು ಹೋಗಿ, ಮಿಸೌರಿ ಸಂಸ್ಥಾನದ ಪ್ಲೆಸೆಂಟ್ ಹಿಲ್ ಎಂಬ ಸಣ್ಣ ಊರಿನಲ್ಲಿ ಆ ಮನುಷ್ಯನನ್ನು ಕಂಡನು. ಅವನ ಹೆಸರು ಆಲೆನ್ ಕೆನಡಿ. ವರ್ಷಗಟ್ಟಲೆ ಏಕಾಂತದಲ್ಲಿ ಅಭ್ಯಾಸಮಾಡಿ ಅದನ್ನು ಸಾಧಿಸಿದ್ದನು. ವರ್ನನನ ಎದುರಿಗೆ ಮಾಡಿ ತೋರಿಸಿದನು, ಹೇಗೆಂಬುದನ್ನೂ ಮರೆಮಾಚಲಿಲ್ಲ.

ಪ್ರಯೋಗವೆಂದು ಬೆಲೆಕಟ್ಟಿದರೆ ಕೆನಡಿಯ ಈ ಸಿದ್ಧಿಗೆ ಏನು ಬೆಲೆ? ಪ್ರದರ್ಶನದಲ್ಲಿ ಸೊನ್ನೆ. ನೋಡುವವನಿಗೆ ಕಾಣುವುದಿಷ್ಟೇ: ಒಬ್ಬನು ಎಲೆಗಳನ್ನು ಹಂಚಿದನು. ಪರಿಪೂರ್ಣವಾಗಿ ಮಾಡಿದಷ್ಟೂ ಏನೂ ನಡೆಯಲಿಲ್ಲವೆಂದೇ ತೋರುತ್ತದೆ. ಹೇಳಿ ಮಾಡಿದರೆ ನಂಬಿಕೆ ಬರದು. ಹೇಳದೆ ಮಾಡಿದರೆ ತಿಳಿಯದು. ಅರ್ಡ್‌ನೇಸನ ಏಕರೂಪತೆಯು ಇದರಲ್ಲಿ ಪರಾಕಾಷ್ಠೆಯನ್ನು ಮುಟ್ಟಿದೆ, ಆದರೆ ವಿಸ್ಮಯವು ಇಲ್ಲವೇ ಇಲ್ಲ. ಮಹತ್ತ್ವಾಕಾಂಕ್ಷೆಯ ಎಲೆಯಲ್ಲಿ ಕೈಯ ನಿಶ್ಚಲತೆಯೂ ಇದೆ, ಎಲೆಯ ಚಲನವೂ ಇದೆ. ಪ್ರೇಕ್ಷಕನಿಗೆ ಹಿಡಿದುಕೊಳ್ಳಲು ಒಂದು ಸಂಗತಿಯು ದೊರೆಯುತ್ತದೆ. ಪ್ರಯೋಕ್ತೃಗಳಲ್ಲಿ ಅನೇಕರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಕಷ್ಟವಾದದ್ದೇ ಶ್ರೇಷ್ಠವೆಂದು ತೀರ್ಪುಕೊಡುವರು. ಜನರ ಮುಂದೆ ನಿಲ್ಲತಕ್ಕವನಿಗೆ ಆ ತೀರ್ಪು ಸಲ್ಲದು. ಆದರೆ ಕೆನಡಿಯಂತಹವರ ಸಾಧನೆಯನ್ನು ನೋಡದವನ ಕೈಗೆ ವರ್ನನನ ನಿಶ್ಚಲತೆಯು ಬರುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ನೆಲದೊಳಗಿನ ಅಡಿಪಾಯಕ್ಕೆ ಚೆಂದವಿಲ್ಲವೆಂದು ಯಾರೂ ಅದನ್ನು ಬಿಟ್ಟು ಗೋಪುರವನ್ನು ಕಟ್ಟುವುದಿಲ್ಲ.

ವರ್ನನನಿಗೆ ಲೌಕಿಕವಾದ ಏಳಿಗೆಯು ಬಹುಕಾಲ ಒದಗಲಿಲ್ಲ. ದೊಡ್ಡ ರಂಗಸ್ಥಳಗಳಲ್ಲಿ ಸಾವಿರಾರು ಜನರ ಮುಂದೆ ಮೆರೆಯುವ ವಿದ್ಯೆ ಅವನದಲ್ಲ. ಆರು ಮಂದಿಯ ಮೇಜಿಗೆ ಟಿಕೇಟು ಮಾರುವವರಾರು? 1941ರಲ್ಲಿ ನ್ಯೂಯಾರ್ಕ್ ನಗರದಲ್ಲಿ ರಸ್ತೆಯ ನಿರ್ಮಾಣದ ಕೆಲಸಕ್ಕೆ ಸೇರಿದ್ದಾಗ ಎತ್ತರದಿಂದ ಬಿದ್ದು ಎರಡು ತೋಳುಗಳನ್ನೂ ಮುರಿದುಕೊಂಡನು. ಇಂತಹವನ ತೋಳು ಮುರಿಯುವುದೆಂದರೆ ವೀಣಾವಾದಕನ ಬೆರಳು ಹೋದಂತೆ. ಆದರೂ ಗುಣಹೊಂದಿ ಎಲೆಗಳನ್ನು ಮತ್ತೆ ಹಿಡಿದನು. 1950ರ ದಶಕದಲ್ಲಿ ಲೂಯಿಸ್ ಗ್ಯಾನ್ಸನ್ ಎಂಬ ಆಂಗ್ಲ ಲೇಖಕನು ಅವನ ಪ್ರಯೋಗಗಳನ್ನು ಗ್ರಂಥರೂಪಕ್ಕೆ ತಂದನು. ಸಹಜವಾಗಿರಬೇಕೆಂಬುದೇ ಅವುಗಳಲ್ಲಿ ಮತ್ತೆ ಮತ್ತೆ ಬರುವ ಉಪದೇಶ. 1963ರಲ್ಲಿ ಹಾಲಿವುಡ್ಡಿನಲ್ಲಿ ಮ್ಯಾಜಿಕ್ ಕ್ಯಾಸಲ್ ಎಂಬ ಐಂದ್ರಜಾಲಿಕರ ಮನೆಯು ತೆರೆದಾಗ ಅವನು ಅಲ್ಲಿಗೆ ಹೋಗಿ ನೆಲೆಸಿದನು. ಎಳೆಯರು ದೇಶದೇಶಗಳಿಂದ ಬಂದು ತಮ್ಮ ಪ್ರಯೋಗಗಳನ್ನು ಅವನ ಮುಂದೆ ಮಾಡಿ ತೋರಿಸಿ ತೀರ್ಪನ್ನು ಕೇಳುತ್ತಿದ್ದರು. ಎಲ್ಲರೂ ಅವನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಹಾಫ್‌ಮನ್ ವಕೀಲನಂತೆ ಅವನು ಆ ಪದವಿಯನ್ನು ತಾನಾಗಿ ಧರಿಸಿದ್ದಲ್ಲ.

ಅವನ ಶಿಷ್ಯರಲ್ಲಿ ಒಬ್ಬನ ಕಥೆಯನ್ನು ಹೇಳದೆ ಬಿಡಲಾಗದು. ಪರ್ಸಿ ಡಯಾಕೊನಿಸ್ ಎಂಬ ಹುಡುಗನು 1959ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಶಾಲೆಯನ್ನೂ ಮನೆಯನ್ನೂ ಬಿಟ್ಟು ವರ್ನನನೊಡನೆ ಊರೂರು ಅಲೆಯತೊಡಗಿದನು. ಶಾಲಾಮಾಸ್ತರರ ದೃಷ್ಟಿಯಲ್ಲಿ ಇದು ಅನುಕರಣೀಯವಲ್ಲ! ಆ ಹುಡುಗನೇ ಮುಂದೆ ಗಣಿತವನ್ನು ಕಲಿತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಚಾರ್ಯನಾದನು. ಐವತ್ತೆರಡೆಲೆಗಳ ಕಟ್ಟನ್ನು ಎರಡು ಪಾಲುಮಾಡಿ ಒಂದರೊಳಗೊಂದನ್ನು ಹೊಗಿಸಿ ಕಲಸುವ ಕ್ರಮದಲ್ಲಿ, ಹಳೆಯ ಕ್ರಮವು ಸಾಕಷ್ಟು ಅಳಿದುಹೋಗುವುದಕ್ಕೆ ಸುಮಾರು ಏಳು ಸಲ ಕಲಸಬೇಕೆಂದು ಅವನೂ ಡೇವ್ ಬೇಯರನೂ 1992ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟರು. ಎರಡು ಮೂರು ಸಲ ಕಲಸಿ, ಎಲ್ಲವೂ ಬೆರೆತುಹೋಯಿತೆಂದು ನಂಬುವವನಿಗೆ ಕಟ್ಟಿನಲ್ಲಿ ಇನ್ನೂ ಎಷ್ಟು ಕ್ರಮವು ಉಳಿದಿದೆಯೆಂಬುದು ತಿಳಿಯದು. ಹಸ್ತಲಾಘವದವರು ತಲೆಮಾರುಗಳಿಂದ ಇದನ್ನು ಬಲ್ಲರು. ಲೆಕ್ಕವಾಗಿ ಬರೆದವರು ಇವರು.

ಅದೇ 1992ರ ಆಗಸ್ಟ್ ತಿಂಗಳಿನಲ್ಲಿ ವರ್ನನನು ತೊಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಬಾಲ್ಯದಲ್ಲಿ ಕಂಠಸ್ಥಮಾಡಿದ ಪುಸ್ತಕಕ್ಕೆ ಅವನು ಬರೆದ ಟಿಪ್ಪಣಿಗಳು ಅದಕ್ಕೆ ಎಂಟು ವರ್ಷ ಮೊದಲು, 1984ರಲ್ಲಿ, ಅಚ್ಚಾಗಿದ್ದುವು. ಮೂಲಗ್ರಂಥದ ಒಂದೊಂದು ಪ್ರಕರಣವನ್ನೂ ಎತ್ತಿಕೊಂಡು, ಇಲ್ಲಿ ಬೆರಳು ಹೀಗಿರಬೇಕು, ಇಲ್ಲಿ ಗ್ರಂಥಕರ್ತನ ಅಭಿಪ್ರಾಯವಿದು ಎಂದು ಭಾಷ್ಯಕಾರನ ವಿನಯದಿಂದ ಬರೆದಿದ್ದಾನೆ. ಆ ಗ್ರಂಥಕರ್ತನು ಯಾರೆಂಬುದನ್ನು ಕುರಿತು ಹಲವು ಹೆಸರುಗಳನ್ನು ಹಲವರು ಸೂಚಿಸಿದ್ದಾರೆ. ಒಂದೂ ಇದುವರೆಗೆ ಸಿದ್ಧವಾಗಿಲ್ಲ.